ಮನೆಯಾಕೆ ಒಳಗೆ ಹೋಗುವ ತನಕ

ಮನೆಯಾಕೆ ಒಳಗೆ ಹೋಗುವ ತನಕ ಪಾತ್ರೆಯೊಳಗೆ ಕಾಲು ಇಡಬಾರದು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಜಹಾಂಗೀರ್ ನನಗೆ ಕಲಿಸಿದ ಮೊದಲ ಕೆಲಸ ಇದು. ತಿದಿ ಒತ್ತುವುದು, ಇದ್ದಿಲು ಹೊತ್ತಿಸುವುದು, ತವರ ಕರಗಿಸುವುದು ಎಲ್ಲ ಆಮೇಲೆ.

ನಮ್ಮದು ಕಲಾಯಿ ಹಾಕುವ ಕೆಲಸ. ತಾಮ್ರದ ಪಾತ್ರೆ, ಹಿತ್ತಾಳೆ ಪಾತ್ರೆಯ ಒಳಮೈಗೆ ತವರ ಹಚ್ಚಿ ಬೆಳ್ಳಗೆ ಮಾಡಿಕೊಡುವುದು. ತವರ ಸವೆದರೆ ಹುಳಿ ತಾಗಿ ಕಿಲುಬು ಏಳುತ್ತದೆ, ಉಂಡವರು ವಾಂತಿ ಮಾಡಿಕೊಳ್ಳುತ್ತಾರೆ. ಹಾಗಾಗಿ ವರ್ಷಕ್ಕೊಮ್ಮೆ ನಾವು ಬೇಕಾಗುತ್ತಿದ್ದೆವು. ಶಿರಸಿಯಿಂದ ಹೊರಟು ಭೈರುಂಬೆ, ಹುಲಗೋಳ, ಅತ್ತ ಸಿದ್ದಾಪುರ, ಇತ್ತ ಯಲ್ಲಾಪುರ. ಜಹಾಂಗೀರರ ಹೆಗಲ ಮೇಲೆ ಬೆಂಕಿಗೆ ಗಾಳಿ ಊದುವ ತಿದಿ. ನನ್ನ ತಲೆ ಮೇಲೆ ಇದ್ದಿಲ ಚೀಲ. ಮನೆ ಮುಂದೆ ನಿಂತು ಕೂಗಬೇಕು. ಅಂಗಳದ ಆ ತುದಿ, ಕೊಟ್ಟಿಗೆ ಹತ್ತಿರ ಜಾಗ ತೋರಿಸುತ್ತಿದ್ದರು. ಅಲ್ಲಿ ಗುಂಡಿ ತೋಡಿ ಬೆಂಕಿ ಮಾಡಿಕೊಳ್ಳಬೇಕು.

ಪಾತ್ರೆ ಚೊಕ್ಕ ಇಲ್ಲದಿದ್ದರೆ ತವರ ಹಿಡಿಯುವುದಿಲ್ಲ. ದೊಡ್ಡ ಪಾತ್ರೆ ಕೈಯಿಂದ ಉಜ್ಜಿದರೆ ಚೊಕ್ಕ ಆಗುವುದಿಲ್ಲ. ಒಳಗೆ ಮರಳು ಹಾಕಿ, ಹುಣಸೆಹುಳಿ ಹಾಕಿ, ಮೇಲೊಂದು ಗೋಣಿ ತುಂಡು ಹಾಸಿ, ಅದರ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ಗೋಡೆಯನ್ನೋ ಮರವನ್ನೋ ಹಿಡಿದು ಸೊಂಟ ತಿರುಗಿಸಬೇಕು. ಆ ಕಡೆ, ಈ ಕಡೆ. ಮೈಯ ಭಾರವೆಲ್ಲ ಹಿಮ್ಮಡಿಗೆ. ತಾಮ್ರದ ಬಣ್ಣ ಕೆಂಪಗೆ ಬರುವ ತನಕ. ಜಹಾಂಗೀರರ ಪಾದ ದೊಡ್ಡದು, ತಪ್ಪಲೆಯ ಅಡಿಯಲ್ಲಿ ತಿರುಗುತ್ತಿರಲಿಲ್ಲ. ನನ್ನ ಪಾದ ಚಿಕ್ಕದು. ಹಾಗಾಗಿ ಕಾಲಿನ ಕೆಲಸ ನನ್ನ ಪಾಲಿಗೆ ಬಂತು. ಹಠದ ಕೊಳೆಗೆ ತೇಜಾಬು, ಅಂದರೆ ಆಸಿಡ್ಡು, ಹಾಕುತ್ತಿದ್ದೆವು. ಅದು ಬೆರಳ ಸಂದಿಗೆ ಇಳಿದರೆ ರಾತ್ರಿಯೆಲ್ಲ ಉರಿ. ಮಗ ಶೋಯೆಬ್ ಹೊಟ್ಟೆಯಲ್ಲಿದ್ದಾಗಲೂ ತಿರುಗಿದ್ದೇನೆ. ನನ್ನ ಹಿಮ್ಮಡಿ ನೋಡಿದರೆ ಯಾರೂ ಅದನ್ನು ಹೆಂಗಸಿನ ಹಿಮ್ಮಡಿ ಅನ್ನಲಿಕ್ಕಿಲ್ಲ.

ಅದು ಅನ್ನ ಬೇಯುವ ಪಾತ್ರೆ. ದೇವರಿಗೆ ಎಡೆ ಆಗುವ ಪಾತ್ರೆ. ಅದರಲ್ಲಿ ಸಾಬರ ಹೆಂಗಸಿನ ಕಾಲು. ಕಂಡರೆ ಮೈಲಿಗೆ, ಕಾಣದಿದ್ದರೆ ಇಲ್ಲ. ಹಾಗಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮನೆಯ ಅಮ್ಮ ಪಾತ್ರೆ ತಂದು ನೆಲಕ್ಕಿಟ್ಟು ದೂರ ಸರಿಯುತ್ತಿದ್ದಳು. ನಾನು ಮರಳು ಹಾಕುತ್ತಿದ್ದೆ, ಗೋಣಿ ಹಾಸುತ್ತಿದ್ದೆ. ಒಂದು ಕಾಲು ಎತ್ತಿ ನಿಲ್ಲುತ್ತಿದ್ದೆ. ಆಗ ಅಮ್ಮನಿಗೆ ಒಲೆ ನೆನಪಾಗುತ್ತಿತ್ತು.

"ಹಾಲು ಒಲೆ ಮೇಲೆ ಇದ್ದು. ಆನು ಒಳಗೆ ಹೋಗ್ತೆ."

ಬಾಗಿಲು ಮುಚ್ಚುವ ಸದ್ದು. ನಾನು ಕಾಲು ಇಡುತ್ತಿದ್ದೆ. ನಾವು ಹೋದ ದಿನ ತಾಲ್ಲೂಕಿನ ಹಾಲೆಲ್ಲ ಉಕ್ಕುತ್ತದೆ ಎಂದು ಜಹಾಂಗೀರ್ ದಾರಿಯಲ್ಲಿ ನಗುತ್ತಿದ್ದರು. ಕೆಲಸ ಮುಗಿದ ಮೇಲೆ ಆಯ್ತಮ್ಮಾ ಎಂದು ಕೂಗಿದರೆ ಬಾಗಿಲು ತೆರೆಯುತ್ತಿತ್ತು. ಪಾತ್ರೆಯ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ನಮ್ಮ ಪಾಲಿನ ಅಕ್ಕಿ, ಕಾಯಿ ಜಗಲಿಯ ಅಂಚಿಗೆ ಬರುತ್ತಿತ್ತು.

ಭೈರುಂಬೆ ದಾರಿಯ ಒಂದು ದೊಡ್ಡ ಮನೆಯಲ್ಲಿ ಒಮ್ಮೆ ಎಡವಟ್ಟಾಯಿತು. ಅಜ್ಜಿಯೂ ಸೊಸೆಯೂ ಒಳಗೆ ಹೋಗಿದ್ದರು. ನಾನು ಕೊಪ್ಪರಿಗೆಯೊಳಗೆ ತಿರುಗುತ್ತಿದ್ದೆ. ಕಿಟಕಿಯಲ್ಲಿ ಸಣ್ಣ ಹುಡುಗಿ ಒಬ್ಬಳು ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಎಡಗೆನ್ನೆಯ ಮೇಲೆ ಕಡಲೆಯಷ್ಟು ಮಚ್ಚೆ. ಕೈ ತಟ್ಟಿ ಕೂಗಿತು, "ಅಜ್ಜೀ, ಬೀಬಿ ಕೊಪ್ಪರಿಗೆ ಒಳಗೆ ಕುಣೀತಾ ಇದ್ದು."

ಅಜ್ಜಿಯ ಕೈ ಆ ಮಚ್ಚೆಯ ಮೇಲೇ ಬಿತ್ತು. ಏಟಿನ ಸದ್ದು ಅಂಗಳಕ್ಕೆ ಕೇಳಿಸಿತು.

"ಎಂತ ಕಂಡೆ ನೀನು? ನೀ ಎಂತದೂ ಕಂಡಿದ್ದಿಲ್ಲೆ."

ಹುಡುಗಿ ಅತ್ತಿತು. ನಾನು ತಿರುಗುವುದು ನಿಲ್ಲಿಸಲಿಲ್ಲ. ಆ ಮನೆಯವರು ಮರುವರ್ಷವೂ ನಮ್ಮನ್ನು ಕರೆದರು.

ಆಮೇಲೆ ಸ್ಟೀಲು ಬಂತು. ಕೂಗಿದರೂ ಯಾರೂ ಹೊರಗೆ ಬರದ ಕಾಲ ಬಂತು. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಏಳುತ್ತದೆ. ಆ ಹೊಗೆ ಕುಡಿದು ಕುಡಿದು ಜಹಾಂಗೀರರ ಎದೆ ಕಟ್ಟಿತ್ತು. ಅವರು ಹೋದರು. ತಿದಿಯನ್ನು ಗೋಡೆಯ ಮೊಳೆಗೆ ನೇತುಹಾಕಿದೆ. ಶೋಯೆಬ್ ಲಾರಿ ಹಿಡಿದ. ಅವನ ಹೆಂಡತಿ ಹೆರಿಗೆಯಲ್ಲಿ ಹೋದಳು. ಕೂಸನ್ನು ನಾನೇ ಸಾಕಿದೆ. ಮುಬಶ್ಶಿರಾ. ಅಪ್ಪನ ತಾಯಿಯೆಂದು ನನ್ನನ್ನು ದಾದಿ ಅನ್ನುತ್ತಿತ್ತು. ಮಗ ಲಾರಿ ಮೇಲೆ, ಮೊಮ್ಮಗಳು ಶಾಲೆಯಲ್ಲಿ, ನಾನು ಮನೆಯಲ್ಲಿ. ಬಹಳ ವರ್ಷ ಹೀಗೇ ಹೋಯಿತು.

ಮುಬಶ್ಶಿರಾ ಪಿಯುಸಿ ಪಾಸಾದಳು. ಮುಂದೆ ಓದಿಸುವ ಶಕ್ತಿ ನಮಗಿರಲಿಲ್ಲ. ಅಷ್ಟರಲ್ಲಿ ಯಲ್ಲಾಪುರ ರಸ್ತೆಯ ಮೇಲೆ ಒಂದು ಸಂಸ್ಥೆಯವರು ತರಗತಿ ಶುರು ಮಾಡಿದರು. ಕೈಯಲ್ಲಿ ಏನೂ ಇಲ್ಲದ ಮನೆಗಳ ಮಕ್ಕಳಿಗೆ ಸ್ವಂತ ಉದ್ಯಮ ಮಾಡುವುದನ್ನು ಕಲಿಸುತ್ತೇವೆ, ಪುಕ್ಕಟೆ ಅಂದರು. ಇವಳು ಹೋಗಿ ಸೇರಿದಳು. ಯಲ್ಲಾಪುರದ ಕಾಡಂಚಿನಿಂದ ಮಂಜಿ ಅಂತ ಹುಡುಗಿ ಬರುತ್ತಿದ್ದಳು, ಅವಳದ್ದು ಜೇನಿನ ವ್ಯಾಪಾರದ ಯೋಚನೆ. ನಂದನ ಅಂತ ಹುಡುಗ, ಅವನ ಅಪ್ಪನಿಗೆ ತುಸು ಗದ್ದೆ ಇದೆ. ಅವನಿಗೆ ಏನು ಮಾಡಬೇಕೆಂದು ಇನ್ನೂ ಹೊಳೆದಿರಲಿಲ್ಲ.

ಕಲಿಸುವವನು ಉಲ್ಲಾಸ ಅಂತ, ಹುಬ್ಬಳ್ಳಿ ಕಡೆಯವನು. ನೆಟ್ಟಗೆ ನಿಂತು ಮಾತಾಡುವುದು ಕಲಿಸಿದ. ಗಿರಾಕಿ ಯಾರು, ಅವನ ಕಷ್ಟ ಏನು, ಅದನ್ನು ನೀನು ಹೇಗೆ ತೀರಿಸುತ್ತೀ ಎಂದು ಮೂರು ಮಾತಿನಲ್ಲಿ ಹೇಳಬೇಕಂತೆ. ಮುಬಶ್ಶಿರಾ ಕನ್ನಡಿ ಮುಂದೆ ನಿಂತು ಕೈ ಆಡಿಸುತ್ತ ಹೇಳಿಕೊಳ್ಳುತ್ತಿದ್ದಳು. ಒಂದು ದಿನ ನನ್ನನ್ನೇ ಕೇಳಿದಳು, ನಿನ್ನ ಗಿರಾಕಿಗಳ ಕಷ್ಟ ಏನಿತ್ತು ದಾದಿ ಎಂದು. ಹಾಲು ಉಕ್ಕುತ್ತಿತ್ತು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಲಿಲ್ಲ. ಗೋಡೆಯ ಮೇಲಿದ್ದ ತಿದಿಯನ್ನು ಬಹಳ ಹೊತ್ತು ನೋಡಿದಳು. ಮರುದಿನ ತರಗತಿಯಲ್ಲಿ ಎದ್ದು ನಿಂತು ಕಲಾಯಿ ಅಂದಳಂತೆ.

ಉಲ್ಲಾಸ ಕುಣಿದಾಡಿಬಿಟ್ಟ. ತಾಮ್ರದ ಪಾತ್ರೆ ಒಳ್ಳೆಯದು ಅಂತ ಈಗ ಫೋನಿನಲ್ಲೆಲ್ಲ ಬರುತ್ತಿದೆಯಂತೆ. ಜನ ಅಟ್ಟದಿಂದ ಹಳೇ ಪಾತ್ರೆ ಇಳಿಸುತ್ತಿದ್ದಾರಂತೆ. ಕಲಾಯಿಯವರು ಮಾತ್ರ ಎಲ್ಲೂ ಸಿಗುವುದಿಲ್ಲವಂತೆ. ನಮ್ಮ ಮನೆಗೇ ಬಂದ. ನೆಲದ ಮೇಲೆ ಕೂತು ಚಹಾ ಕುಡಿದ. ಕುಡಿದ ಲೋಟ ತಾನೇ ತೊಳೆಯಲು ಹೋದ, ನಾನು ಬಿಡಲಿಲ್ಲ. ಅವನು ಕೆಟ್ಟವನಲ್ಲ. ಅವನು ಕೆಟ್ಟವನಾಗಿದ್ದರೆ ನನಗೆ ಬೈಯಲು ಸುಲಭವಿತ್ತು.

"ಬರೇ ಕೆಲಸ ಮಾರಿದ್ರ ಸಾಲದ್ರಿ ಆಯಿ, ನಿಮ್ಮ ಕಥಿನೂ ಮಾರಬೇಕು. ಗಿರಾಕಿಗೆ ಏನೂ ಮುಚ್ಚಿಡಬಾರ್ದು. ಎಲ್ಲಾ ತೋರಸ್ರಿ. ಆಗ ನಂಬ್ತಾರ."

ಅವನಿಗೆ ನಮ್ಮ ಕಡೆಯ ಅಂಗಳಗಳು ಗೊತ್ತಿರಲಿಲ್ಲ.

ಸಂಸ್ಥೆಯ ಕಟ್ಟಡದಲ್ಲಿ ರಸ್ತೆಗೆ ಮುಖ ಮಾಡಿ ಒಂದು ಮಳಿಗೆ ಇತ್ತು. ಕಲಿತವರಲ್ಲಿ ಒಬ್ಬರಿಗೆ ಅದನ್ನು ಬಿಟ್ಟುಕೊಡುತ್ತಾರೆ. ಬಾಡಿಗೆ ಬೇಡ, ಸ್ವಂತ ಕಾಲ ಮೇಲೆ ನಿಲ್ಲುವ ತನಕ ಇರಬಹುದು. ಅದು ಮುಬಶ್ಶಿರಾಳಿಗೆ ಸಿಕ್ಕಿತು. ನಮ್ಮ ಕುಲದಲ್ಲಿ ಕಲಾಯಿಗೆ ಸೂರು ಅಂತ ಇದ್ದದ್ದು ಅದೇ ಮೊದಲು. ಬೋರ್ಡಿನ ಮೇಲೆ ಅಜ್ಜನ ಹೆಸರು ಬರೆಸಿದಳು, ಜಹಾಂಗೀರ್ ಕಲಾಯಿ ಎಂದು. ಉದ್ಘಾಟನೆಯ ದಿನ ಸಂಸ್ಥೆ ನಡೆಸುವ ಮೇಡಂ ಬಂದು ಟೇಪು ಕತ್ತರಿಸಿದಳು. ತನುಜಾ ಅಂತ. ಮಾತು ಮೆತ್ತಗೆ. ಬಡವರ ಮಕ್ಕಳು ಕೈ ಚಾಚಬಾರದು, ತಲೆ ಎತ್ತಬೇಕು ಎಂದು ಭಾಷಣ ಮಾಡಿದಳು. ನಾನು ಅವಳ ಎಡಗೆನ್ನೆ ನೋಡುತ್ತಿದ್ದೆ. ಕಡಲೆಯಷ್ಟು ಮಚ್ಚೆ. ಯಾವ ಊರು ಮೇಡಂ ಎಂದು ಕೇಳಿದೆ. ಭೈರುಂಬೆ ದಾರಿಯಲ್ಲಿ ಅಂದಳು.

ಪಾತ್ರೆ ಬರತೊಡಗಿದವು. ಸ್ಕೂಟರಿನ ಮೇಲೆ, ಕಾರಿನ ಡಿಕ್ಕಿಯಲ್ಲಿ, ಬಸ್ಸಿನ ಮೇಲೆ ಹಾಕಿ. ಸಿದ್ದಾಪುರ ಕಡೆಯ ಅಡಿಗೆ ಗುತ್ತಿಗೆಯವನು ಒಬ್ಬ ಮದುವೆ ಮುಂಜಿಗೆ ಪಾಯಸ ಮಾಡುವ ದೊಡ್ಡ ಕೊಪ್ಪರಿಗೆ ಕಳಿಸಿದ. ಅದರ ಒಂದು ಹಿಡಿ ಮುರಿದು, ಬೇರೆ ಲೋಹದ ಹಿಡಿ ಕೂಡಿಸಿದ್ದರು. ಮಳಿಗೆಯ ಹಿಂದೆ ತಗಡು ಹೊದಿಸಿದ ಜಾಗ. ಅಲ್ಲಿ ನಾನು ಮತ್ತೆ ಗುಂಡಿ ತೋಡಿದೆ. ಮುಬಶ್ಶಿರಾ ತಿದಿ ಒತ್ತಿದಳು, ತವರ ಹಿಡಿದು ನೋಡಿದಳು, ಕೈ ಸುಟ್ಟುಕೊಂಡಳು, ಕಲಿತಳು. ಕಾಲಿನ ಕೆಲಸಕ್ಕೆ ಅವಳನ್ನು ಇಳಿಸಲಿಲ್ಲ. ನನ್ನ ಹಿಮ್ಮಡಿ ಹೇಗೂ ಹೋಗಿದೆ, ಇನ್ನೊಂದು ಜೊತೆ ಯಾಕೆ ಹೋಗಬೇಕು. ಆ ಹಳೇ ನಿಯಮವನ್ನೂ ಅವಳಿಗೆ ಹೇಳಿರಲಿಲ್ಲ. ಇಲ್ಲಿ ಜನ ಪಾತ್ರೆ ಇಟ್ಟು ಹೋಗುತ್ತಿದ್ದರು. ಒಳಗೆ ಹೋಗಬೇಕಾದ ಮನೆಯಾಕೆಯೇ ಇರಲಿಲ್ಲ.

ಕೆಲಸ ಮಾಡುವುದನ್ನು ವಿಡಿಯೋ ಮಾಡಿ ಹಾಕಿರಿ ಎಂದು ಉಲ್ಲಾಸ ಎಲ್ಲರಿಗೂ ಹೇಳಿದ. ಮಂಜಿ ಜೇನು ಕೊಯ್ಯುವುದನ್ನು ಹಾಕಿದಳು. ಮುಬಶ್ಶಿರಾ ಫೋನು ಹಿಡಿದು ನನ್ನ ಮುಂದೆ ಕೂತಳು. ನಾನು ಆ ದೊಡ್ಡ ಕೊಪ್ಪರಿಗೆಗೆ ಮರಳು ಹಾಕಿದೆ. ಗೋಣಿ ಹಾಸಿದೆ. ಒಂದು ಕಾಲು ಎತ್ತಿದೆ. ಎತ್ತಿದ್ದು ಅಲ್ಲೇ ನಿಂತಿತು.

"ಯಾರಿಗೆ ಕಾಯ್ತಿದ್ದೀ ದಾದಿ?" ಅಂದಳು.

ಯಾರಿಗೂ ಇಲ್ಲ ಅಂದೆ. ಕಾಲು ಇಟ್ಟೆ. ತಿರುಗಿದೆ. ಮುಖ ಬೇಡ, ಪಾದವೇ ಚಂದ ಕಾಣುತ್ತದೆ ಎಂದು ಪಾದವನ್ನೇ ಹಿಡಿದಳು. ಕರಿ ತಾಮ್ರ ಕೆಂಪಾಗುವುದು, ಬಿರುಕು ಬಿಟ್ಟ ಹಿಮ್ಮಡಿ, ಮರಳಿನ ಸದ್ದು. ಕೆಳಗೆ ಬರೆದಳು, ನಿಮ್ಮ ಪಾತ್ರೆಗೆ ನಮ್ಮ ದಾದಿಯ ಪಾದಗಳು.

ಮೊದಲು ದೂರದವರು ಹೊಗಳಿದರು. ನಾವು ನೋಡದ ಊರಿನವರು ಹೂವಿನ ಗುರುತು ಕಳಿಸಿದರು. ಮುಬಶ್ಶಿರಾ ಒಂದೊಂದನ್ನೇ ನನಗೆ ಓದಿ ಹೇಳಿದಳು. ಊಟ ಮಾಡುವಾಗಲೂ ಓದಿದಳು. ಆಮೇಲೆ ಯಾರೋ ಆ ಬೇರೆ ಲೋಹದ ಹಿಡಿ ಗುರುತಿಸಿದರು. ನಮ್ಮ ಮನೆಯ ಮುಂಜಿಗೆ ಪಾಯಸ ಆದದ್ದು ಇದೇ ಕೊಪ್ಪರಿಗೆಯಲ್ಲಿ ಎಂದು ಬರೆದರು. ಅಲ್ಲಿಂದ ಊರು ಊರಿನ ಗುಂಪುಗಳಿಗೆ ಹೋಯಿತು. ಬಂದ ಮಾತುಗಳನ್ನು ಅವಳು ನನಗೆ ಓದಿ ಹೇಳಲಿಲ್ಲ. ಫೋನು ಮಗುಚಿಟ್ಟಳು. ಅದು ನೆಲದ ಮೇಲೆ ಗುರುಗುಡುತ್ತಲೇ ಇತ್ತು. ನಮ್ಮ ಜಾತಿ, ನಮ್ಮ ಧರ್ಮ, ನನ್ನ ಕಾಲು, ಅವಳ ಮೈ. ಯಾವುದನ್ನೂ ಬಿಟ್ಟಿರಲಿಲ್ಲವಂತೆ. ಬೇಕೆಂದೇ ಮೈಲಿಗೆ ಮಾಡಿದ್ದು ಅಂದರಂತೆ.

ಬೆಳಗ್ಗೆ ಮಳಿಗೆ ತೆರೆಯುವ ಮೊದಲೇ ರಸ್ತೆಯಲ್ಲಿ ಗಾಡಿಗಳು. ಯಾರೂ ಮೆಟ್ಟಿಲು ಹತ್ತಲಿಲ್ಲ. ಆಚೆ ನಿಂತು ತಮ್ಮ ತಮ್ಮ ಪಾತ್ರೆಯ ಹೆಸರು ಹೇಳಿ ಕೂಗಿದರು. ಮುಬಶ್ಶಿರಾ ಒಂದೊಂದನ್ನೇ ಹೊತ್ತು ತಂದು ರಸ್ತೆಯ ಅಂಚಿಗೆ ಇಟ್ಟಳು. ಕಲಾಯಿ ಆದದ್ದು, ಆಗದ್ದು, ಅರ್ಧ ಉಜ್ಜಿದ್ದು. ಒಬ್ಬ ತನ್ನ ತಪ್ಪಲೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಎತ್ತಿದ. ಅವಳ ಕಾಲೇಜಿನಲ್ಲಿ ಓದಿದವನು ಅವನು. ಅವಳು ಅವನ ಹೆಸರು ಹಿಡಿದು ಮಾತಾಡಿಸಿದಳು. ಅವನು ತಪ್ಪಲೆಯನ್ನೇ ನೋಡಿದ.

ಕಡೆಗೆ ಒಂದು ಕಾರು ಬಂತು. ಹಿಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ. ಇಳಿಯಲಿಲ್ಲ. ಗಾಜು ಇಳಿಸಿ ಬಿಸ್ಮಿಲ್ಲಾ ಎಂದು ನನ್ನ ಹೆಸರು ಹಿಡಿದು ಕರೆದಳು. ಭೈರುಂಬೆ ದಾರಿಯ ಆ ಮನೆಯ ಸೊಸೆ, ತನುಜಾಳ ತಾಯಿ. ಈಗ ಕೂದಲೆಲ್ಲ ಬೆಳ್ಳಗೆ. ನನಗೂ ಬೆಳ್ಳಗೆ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನಿಜವಾಗಿ ನೊಂದವಳ ಹಾಗೆ ಕೇಳಿದಳು.

"ಅಷ್ಟು ವರ್ಷ ಕಾಲು ಇಟ್ಟೆ. ಯಾರಾದ್ರೂ ಏನಾದ್ರೂ ಅಂದ್ವಾ ನಿಂಗೆ? ಯಾಕೆ ತೋರಿಸಿದೆ ಬಿಸ್ಮಿಲ್ಲಾ?"

ಗಾಜು ಏರಿತು. ಅವಳದ್ದು ಯಾವ ಪಾತ್ರೆಯೂ ನಮ್ಮಲ್ಲಿ ಇರಲಿಲ್ಲ. ಅಷ್ಟು ಕೇಳಲಿಕ್ಕೇ ಬಂದಿದ್ದಳು.

ಆ ದಿನವೇ ಮೇಡಂ ಕರೆಸಿದಳು. ಆಫೀಸಿನಲ್ಲಿ ಉಲ್ಲಾಸ ಇದ್ದ, ನಂದನ ಇದ್ದ. ನಮಗೂ ಕುರ್ಚಿ ಕೊಟ್ಟರು. ತನುಜಾ ಮೇಡಂ ಮೆತ್ತಗೆ ಮಾತಾಡಿದಳು. ಇದು ತನಗೆ ಮೈಲಿಗೆಯ ಪ್ರಶ್ನೆಯೇ ಅಲ್ಲ, ತಾನು ಅಂಥದ್ದನ್ನೆಲ್ಲ ನಂಬುವವಳಲ್ಲ, ಆದರೆ ಗಿರಾಕಿಯ ಮನಸ್ಸು ನೋಡಬೇಕು ಅಂದಳು. ಸಂಸ್ಥೆಗೆ ದುಡ್ಡು ಕೊಡುವವರೂ ಇದೇ ಊರುಗಳ ಮನೆಯವರು ಅಂದಳು. ಮುಬಶ್ಶಿರಾಳ ಮಳಿಗೆ ಉಳಿಸಲು ದಾರಿ ಇದೆ ಅಂದಳು. ಬೋರ್ಡಿನ ಹೆಸರು ಬದಲಿಸುವುದು. ಉಜ್ಜಲು ಒಂದು ಮಷಿನ್ ತರಿಸುವುದು. ನಂದನ ಮುಂದೆ ಕೂತು ಪಾತ್ರೆ ಇಸಿದುಕೊಳ್ಳುವುದು, ಮುಬಶ್ಶಿರಾ ಹಿಂದೆ ಕೆಲಸ ಮಾಡುವುದು. ಮತ್ತೆ ಇನ್ನೊಂದು ವಿಡಿಯೋ. ಅದರಲ್ಲಿ ನಾನೇ ಮಾತಾಡಬೇಕು. ಮೊದಲಿನದ್ದು ಗುಜರಿ ಪಾತ್ರೆ, ಸುಮ್ಮನೆ ಆಟಕ್ಕೆ ಮಾಡಿದ್ದು ಅನ್ನಬೇಕು. ನಾವು ಯಾವತ್ತೂ ಗಿರಾಕಿಗಳ ಪಾತ್ರೆಯಲ್ಲಿ ಕಾಲು ಇಟ್ಟಿಲ್ಲ ಅನ್ನಬೇಕು.

ಮಷಿನಿನ ಬುರುಸು ಕೊಪ್ಪರಿಗೆಯ ಅಡಿಯ ತಿರುವಿಗೆ ಹೋಗುವುದಿಲ್ಲ ಎಂದು ಮುಬಶ್ಶಿರಾ ಹೇಳಿದಳು. ಅದನ್ನು ಹಿಂದೆ ನೀವು ಹೇಗೆ ಬೇಕೋ ಹಾಗೆ ಮಾಡಿಕೊಳ್ಳಿ, ಕಾಣಬಾರದು ಅಷ್ಟೇ ಅಂದಳು ಮೇಡಂ.

ನಾನು ಉಲ್ಲಾಸನ ಮುಖ ನೋಡಿದೆ. ಏನೂ ಮುಚ್ಚಿಡಬಾರದು ಅಂದವನು. ಅವನು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದ.

ಮುಬಶ್ಶಿರಾ ಒಪ್ಪಿದಳು. ನನ್ನ ಕಡೆ ತಿರುಗಿ ಉರ್ದುವಿನಲ್ಲಿ ಸಣ್ಣ ದನಿಯಲ್ಲಿ ಕೇಳಿಕೊಂಡಳು. ಒಂದು ಮಾತು ದಾದಿ, ಒಂದೇ ಮಾತು, ಹೇಳಿಬಿಡು, ಆಮೇಲೆ ನಾನು ನೋಡಿಕೊಳ್ಳುತ್ತೇನೆ ಎಂದು. ಅವಳ ಕಣ್ಣಲ್ಲಿ ಆ ಮಳಿಗೆ ಇತ್ತು. ನಾನು ಆಯಿತು ಅಂದೆ. ಬಾಯಿ ಮುಚ್ಚಿಕೊಂಡು ಬದುಕಿದವಳಿಗೆ ಒಂದು ಸುಳ್ಳು ಏನು ಭಾರ ಅಂದುಕೊಂಡೆ.

ನನ್ನನ್ನು ಗೋಡೆಗೆ ಬೆನ್ನಾಗಿ ಕೂರಿಸಿದರು. ಸೆರಗು ಸರಿ ಮಾಡಿದರು. ನಂದನ ಫೋನು ಹಿಡಿದ. ವಿಡಿಯೋದಲ್ಲಿ ಆಯಿಯ ಕಾಲು ಬರ್ತಾ ಇದೆ ಮೇಡಂ ಅಂದ. ಮೇಡಂ ಎದ್ದು ಬಂದು ಒಂದು ಮೇಜನ್ನು ನನ್ನ ಮುಂದೆ ತಳ್ಳಿದಳು. ಸೊಂಟದಿಂದ ಕೆಳಗೆ ನಾನು ಇಲ್ಲವಾದೆ.

ಶುರು ಮಾಡಿ ಅಂದರು.

ನಾವು ಯಾವತ್ತೂ, ಅಂದೆ. ನಿಲ್ಲಿಸಿದೆ. ಮೇಜಿನ ಅಡಿಯಲ್ಲಿ ನನ್ನ ಎರಡು ಪಾದ ತಣ್ಣಗೆ ನೆಲದ ಮೇಲಿದ್ದವು. ಯಾವತ್ತೂ ಅಂದರೆ ಎಷ್ಟು ದಿನ? ಶೋಯೆಬ್ ಹೊಟ್ಟೆಯಲ್ಲಿದ್ದ ದಿನವೂ ಅದರಲ್ಲಿ ಬಂತು. ತೇಜಾಬು ಸುಟ್ಟ ರಾತ್ರಿ ಜಹಾಂಗೀರ್ ಬೆಣ್ಣೆ ಹಚ್ಚಿ ನನ್ನ ಪಾದವನ್ನು ತಮ್ಮ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಅದೂ ಬಂತು. ಎಲ್ಲವನ್ನೂ ಆ ಒಂದು ಮಾತು ಗುಡಿಸಿಕೊಂಡು ಹೋಗುತ್ತದೆ.

"ಇಟ್ಟಿದ್ದೇನೆ," ಅಂದೆ.

ಬಾಯಿ ತಪ್ಪಿತು ಅಂದುಕೊಂಡರು. "ಇಟ್ಟಿಲ್ಲ ಅನ್ರಿ ಆಯಿ," ಅಂದ ಉಲ್ಲಾಸ. ನಂದನ ಮತ್ತೆ ಫೋನು ಎತ್ತಿದ.

"ಇಟ್ಟಿದ್ದೇನೆ. ಎಲ್ಲರ ಮನೆ ಪಾತ್ರೆಯಲ್ಲೂ ಇಟ್ಟಿದ್ದೇನೆ. ತನುಜಾ, ನಿನ್ನ ಮನೆಯ ಕೊಪ್ಪರಿಗೆಯಲ್ಲೂ ಇಟ್ಟಿದ್ದೇನೆ. ನಿನ್ನ ಅಮ್ಮ, ಅಜ್ಜಿ ಹಾಲು ನೋಡಲಿಕ್ಕೆ ಒಳಗೆ ಹೋದಮೇಲೆ ಇಟ್ಟೆ. ಆದರೆ ನೀನು ಕಿಟಕಿಯಲ್ಲಿದ್ದೆ, ನೋಡಿದೆ. ಕಂಡದ್ದು ಹೇಳಿದ್ದಕ್ಕೆ ನಿನ್ನ ಅಜ್ಜಿ ಆ ಮಚ್ಚೆಯ ಮೇಲೇ ಹೊಡೆದಳು. ಇಟ್ಟಿಲ್ಲ ಅಂದರೆ ಇಷ್ಟು ವರ್ಷ ನಾನು ಎಲ್ಲಿ ನಿಂತಿದ್ದೆ, ನೀನೇ ಹೇಳು."

ಮೇಡಂನ ಕೈ ಕೆನ್ನೆಗೆ ಹೋಯಿತು. ಹೋದದ್ದು ಅವಳಿಗೆ ಗೊತ್ತಾಗಿ ಕೆಳಗಿಳಿಯಿತು. ನನಗೆ ಹಾಗೇನೂ ನೆನಪಿಲ್ಲ ಅಂದಳು. ನಂದನನಿಗೆ ಫೋನು ಬಂದ್ ಮಾಡು ಅಂದಳು. ಅವನು ಆಗಲೇ ಕೆಳಗಿಳಿಸಿದ್ದ. ಉಲ್ಲಾಸ ನೀರು ತರುತ್ತೇನೆಂದು ಹೊರಗೆ ಹೋದವನು ಬರಲಿಲ್ಲ. ಮೇಡಂ ಮುಬಶ್ಶಿರಾಳ ಮುಂದೆ ಅಂಗೈ ಚಾಚಿದಳು. ಮುಬಶ್ಶಿರಾ ಮಳಿಗೆಯ ಬೀಗದ ಕೈಯನ್ನು ಆ ಅಂಗೈಗೆ ಕೊಡಲಿಲ್ಲ. ಮೇಜಿನ ಮೇಲೆ ಇಟ್ಟಳು.

ದಾರಿಯಲ್ಲಿ ಅವಳು ಮುಂದೆ, ನಾನು ಹಿಂದೆ. ಬಸ್ ನಿಲ್ದಾಣ ದಾಟಿದ ಮೇಲೆ ತಿರುಗಿ ನಿಂತಳು.

"ಆ ಮನೆಯ ಮೇಲೆ ನಿನಗೆ ಸಿಟ್ಟಿತ್ತು. ಅದಕ್ಕೆ ನನ್ನ ಅಂಗಡಿಯೇ ಬೇಕಾಗಿತ್ತಾ? ನಿನ್ನದೆಲ್ಲ ಮುಗಿದಿದೆ ದಾದಿ. ನನ್ನದು?"

ಅವಳು ಕೇಳಿದ್ದು ತಪ್ಪಲ್ಲ. ನಾನು ಹೇಳಿದ್ದೂ ತಪ್ಪಲ್ಲ. ಎರಡೂ ನಡುರಸ್ತೆಯಲ್ಲಿ ನಿಂತಿದ್ದವು.

ಅಲ್ಲಿಂದ ಮಾತು ನಿಂತಿತು. ಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸಕ್ಕೆ ಸೇರಿಕೊಂಡಳು. ಬೆಳಗ್ಗೆ ಹೋಗುತ್ತಾಳೆ, ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ನಾನು ತಾಟು ಇಡುತ್ತೇನೆ, ಉಣ್ಣುತ್ತಾಳೆ, ತೊಳೆದಿಡುತ್ತಾಳೆ. ಮೊದಲು ರೊಟ್ಟಿ ಸೀದರೆ ಬೈಯುತ್ತಿದ್ದಳು. ಈಗ ಸೀದದ್ದನ್ನೂ ಉಣ್ಣುತ್ತಾಳೆ. ಬೈಯಲಿ ಎಂದು ಒಂದು ದಿನ ಬೇಕೆಂದೇ ಉಪ್ಪು ಹಾಕಲಿಲ್ಲ. ಅದನ್ನೂ ಉಂಡಳು. ಶೋಯೆಬ್ ಫೋನಿನಲ್ಲಿ ಎಲ್ಲ ಸರಿ ಇದೆಯಾ ಎಂದು ಕೇಳಿದ. ಸರಿ ಇದೆ ಎಂದೆ. ಹಗಲು ಉದ್ದ. ಗಲ್ಲಿಯವರು ಹಾದುಹೋಗುವಾಗ ದನಿ ಇಳಿಸುತ್ತಾರೆ. ನಮ್ಮವರೇ. ಬೇಡದ್ದನ್ನು ಎಬ್ಬಿಸಿದಳು ಅನ್ನುತ್ತಾರೆ. ನಮ್ಮ ಹುಡುಗರಿಗೆ ಬಾಡಿಗೆ ಗಾಡಿ ಕರೆಯುವವರು ಕಡಿಮೆಯಾದರು ಅನ್ನುತ್ತಾರೆ. ಇರಬಹುದು.

ಆ ಅಡಿಗೆ ಗುತ್ತಿಗೆಯವನು ಮಾತ್ರ ತನ್ನ ಕೊಪ್ಪರಿಗೆ ಒಯ್ಯಲಿಲ್ಲ. ಕಾಲು ಕಂಡ ಪಾತ್ರೆ, ಇನ್ನು ಅದರಲ್ಲಿ ಬೇಯಿಸಿದರೆ ಯಾರೂ ಉಣ್ಣುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಕಳಿಸಿದ. ಸಂಸ್ಥೆಯವರು ಬೋರ್ಡಿನ ಜೊತೆ ಅದನ್ನೂ ಟೆಂಪೋದಲ್ಲಿ ತಂದು ನಮ್ಮ ಬಾಗಿಲಲ್ಲಿ ಇಳಿಸಿ ಹೋದರು. ಅರ್ಧ ಕೆಂಪು, ಅರ್ಧ ಕಪ್ಪು. ಮನೆಯ ಬಾಗಿಲಿಗಿಂತ ಅಗಲ. ಒಳಗೆ ತರಲಾಗಲಿಲ್ಲ. ಗಲ್ಲಿಯ ಗೋಡೆಗೆ ಒರಗಿ ನಿಂತಿತು. ನೂರಾರು ಜನ ಉಂಡ ಪಾತ್ರೆ, ಒಳಗೆ ಇಬ್ಬರು, ಇಬ್ಬರ ನಡುವೆ ಮಾತಿಲ್ಲ. ಬೆಕ್ಕು ಅದರಲ್ಲಿ ಮಲಗತೊಡಗಿತು.

ಸಂತೆಯ ದಿನ ಮಂಜಿ ಬಂದಳು, ಜೇನು ಮಾರಿ ಹೋಗುವ ದಾರಿಯಲ್ಲಿ. ಮುಬಶ್ಶಿರಾಳಿಗೂ ಅಂಗಡಿ ರಜೆ. ಮಂಜಿ ಹೊಸಿಲ ಮೇಲೆ ಕೂತು ಸುದ್ದಿ ಹೇಳಿದಳು. ಆ ಮಳಿಗೆ ಈಗ ನಂದನನ ಹೆಸರಿಗೆ ಆಗಿದೆ. ಮುಂದೆ ಗಾಜಿನ ಬಾಗಿಲು, ಒಳಗೆ ಮಷಿನ್, ಬಂದವರಿಗೆಲ್ಲ ಅದನ್ನು ತಿರುಗಿಸಿ ತೋರಿಸುತ್ತಾನೆ. ಹಿಂದಿನ ತಗಡಿನ ಜಾಗಕ್ಕೆ ಕದ ಹಾಕಿಸಿದ್ದಾರೆ. ದೂರದ ಉತ್ತರದ ಕಡೆಯಿಂದ ಯಾರೋ ಗಂಡಸನ್ನು ತಂದು ಅಲ್ಲಿಟ್ಟಿದ್ದಾರೆ.

"ಕದ ಯಾವಾಗ್ಲೂ ಮುಚ್ಚಿರ್ತದೆ. ನಾ ಕಿವಿಗೊಟ್ಟು ಕೇಳ್ದೆ. ಮರಳಿಂದು ಸದ್ದು ಬರ್ತಿತ್ತು, ಅಜ್ಜಿ. ನಿಮ್ಮ ವಿಡಿಯೋದಲ್ಲಿ ಬಂದ್ ಸದ್ದೇ," ಅಂದಳು ಮಂಜಿ.

ಗಿರಾಕಿಗಳು ಬರುತ್ತಿದ್ದಾರಾ ಎಂದು ಮುಬಶ್ಶಿರಾ ಕೇಳಿದಳು. ಮೊದಲಿಗಿಂತ ಹೆಚ್ಚು ಅಂದಳು ಮಂಜಿ. ತನುಜಾ ಮೇಡಂ ಮನೆಯ ಪಾತ್ರೆಗಳೂ ಬಂದಿದ್ದವಂತೆ. ಮಂಜಿಗೆ ಬಸ್ಸಿನ ಹೊತ್ತಾಯಿತು. ಎದ್ದು ಹೋದಳು. ಮುಬಶ್ಶಿರಾ ಕೂತಲ್ಲೇ ಕೂತಿದ್ದಳು.

ನಾನು ಎದ್ದೆ. ಯಾಕೆ ಎಂದು ಯೋಚಿಸಲಿಲ್ಲ. ಅರ್ಧ ಆದ ಕೆಲಸ ಕಣ್ಣೆದುರು ಎಷ್ಟು ದಿನ ಇರಬೇಕು. ಬೆಕ್ಕನ್ನು ಎಬ್ಬಿಸಿದೆ. ಕೊಪ್ಪರಿಗೆಯನ್ನು ಗಲ್ಲಿಯ ನಡುವೆ, ಗೋಡೆ ಕೈಗೆಟಕುವಷ್ಟು ದೂರಕ್ಕೆ ಎಳೆದುಕೊಂಡೆ. ಎಳೆಯುವ ಸದ್ದಿಗೆ ಎದುರು ಮನೆಯ ಕಿಟಕಿ ತೆರೆಯಿತು. ಹಗಲು ಹೊತ್ತು, ಜನ ಓಡಾಡುವ ಹೊತ್ತು. ಮರಳು ಸುರಿದೆ. ಹುಣಸೆಹುಳಿ ಹಾಕಿದೆ. ಗೋಣಿ ಹಾಸಿದೆ. ಒಂದು ಕೈಯಿಂದ ಗೋಡೆ ಹಿಡಿದು ಕಾಲು ಎತ್ತಿದೆ.

ಎತ್ತಿದ ಕಾಲು ಅಲ್ಲೇ ನಿಂತಿತು. ಯಾವ ಅಂಗಳವೂ ಅಲ್ಲ, ಯಾವ ಅಮ್ಮನೂ ಇಲ್ಲ. ನಮ್ಮದೇ ಗಲ್ಲಿ. ಈಗ ನಮ್ಮದೇ ಪಾತ್ರೆ. ಆದರೂ ಕಾಲು ಕಾಯುತ್ತಿತ್ತು. ಅದಕ್ಕೆ ಕಲಿಸಿದ್ದು ಅಷ್ಟೇ.

ಮುಬಶ್ಶಿರಾ ಹೊಸಿಲ ಮೇಲೆ ಎದ್ದು ನಿಂತಿದ್ದಳು. ನನ್ನ ಕಾಲು ನೋಡಿದಳು. ನನ್ನ ಮುಖ ನೋಡಿದಳು. ಆ ಆಫೀಸಿನಲ್ಲಿ ನಾನು ಹೇಳಿದ್ದು ಅವಳಿಗೆ ಈಗ ಪೂರ್ತಿ ತಿಳಿದ ಹಾಗಿತ್ತು.

"ನಾನು ಒಳಗೆ ಹೋಗಬೇಕಾ ದಾದಿ?" ಎಂದು ಕೇಳಿದಳು.

ಎಷ್ಟೋ ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

"ಬೇಡ," ಅಂದೆ. "ನೋಡು."

ಅವಳು ಹತ್ತಿರ ಬರಲಿಲ್ಲ. ಒಳಗೂ ಹೋಗಲಿಲ್ಲ. ಬಾಗಿಲಿಗೆ ಒರಗಿ, ಕಣ್ಣು ಕದಲಿಸದೆ ನಿಂತಳು. ನಾನು ಕಾಲು ಇಟ್ಟೆ.